ತಗಡಿನ ಮಾವನ ಮನೆಗೆ ಅಕ್ಷರ ಬಂದದ್ದು

ತಗಡಿನ ಮಾವ ನಮ್ಮ ಬೀದಿಯಲ್ಲಿ ಯಾರಿಗೂ ನಿಜವಾದ ಮಾವ ಅಲ್ಲ, ಆದರೂ ಎಲ್ಲರ ಬಾಯಲ್ಲೂ ಮಾವನೇ. ಬೀದಿಯ ಅರ್ಧ ಮನೆಗಳ ಸೂರಿನ ಮಳೆನೀರು ಹರಿಯುವ ದೋಣಿ, ಅಡುಗೆಮನೆಯ ಹೊಗೆ ಕೊಳವೆ, ಬಟ್ಟೆ ತುಂಬುವ ಟ್ರಂಕು ಅವರ ಕೈಯಿಂದಲೇ ಬಂದವು. ಮೀಸೆ ಚಿಗುರುವ ವಯಸ್ಸಿನಿಂದ ಅದು ಬೆಳ್ಳಗಾಗುವ ತನಕ ತಗಡು ಬಡಿದೂ ಬಡಿದೂ ಕೊನೆಗೆ ಕಿವಿ ಕೈಕೊಟ್ಟಿತು. ‘ನಾನಿನ್ನೂ ಕೆಲಸದಲ್ಲಿದ್ದೆ, ಕಿವಿ ಮೊದಲೇ ರಿಟೈರ್ ಆಯ್ತು’ ಎಂದು ಅವರೇ ನಗುತ್ತಿದ್ದರು.

ಪೂರ್ತಿ ಕೇಳಿಸುವುದಿಲ್ಲ ಅಂತಲ್ಲ. ಬಲಗಿವಿಯ ಹತ್ತಿರ ಬಂದು ತುಸು ನಿಧಾನವಾಗಿ ಹೇಳಿದರೆ ತಿಳಿಯುತ್ತಿತ್ತು. ಕಿವಿಗೆ ಹಾಕುವ ಮೆಷಿನ್ನೂ ಇತ್ತು. ಎದುರು ಕೂತವರ ಮಾತಿಗೆ ಅದು ಪರವಾಗಿಲ್ಲ. ಟೀವಿ ಹಚ್ಚಿದರೆ ಮಾತ್ರ ಖಾಲಿ ಡ್ರಮ್ಮಿನೊಳಗೆ ತಲೆ ಹಾಕಿ ಕೂತ ಹಾಗೆ ಎಲ್ಲವೂ ಗೊಂಯ್ ಎನ್ನುತ್ತಿತ್ತು. ಮಾವನಿಗೋ ಸಿನಿಮಾ ಎಂದರೆ ಪ್ರಾಣ.

ಹಾಗಾಗಿ ಅವರ ಹೆಂಡತಿಯೇ ಅವರಿಗೆ ಸಿನಿಮಾ ಹೇಳುತ್ತಿದ್ದರು. ಬೀದಿಗೆಲ್ಲ ಅತ್ತೆಯಾದ ಈಕೆ ಹೊಲಿಗೆಯವರು. ಹರಿದ ಜಿಪ್ ಬದಲಿಸುವುದು, ಪ್ಯಾಂಟಿನ ಉದ್ದ ಸರಿಮಾಡುವುದು, ಗುಂಡಿ ಹಾಕುವುದು ಅವರ ಕೆಲಸ. ಸಂಜೆಯಾದರೆ ಗಂಡನ ಬಲಗಡೆಗೆ ಕುರ್ಚಿ ಎಳೆದುಕೊಂಡು, ತೊಡೆಯ ಮೇಲೆ ಯಾರದೋ ಕೋಟು ಹರಡಿಕೊಂಡು ಕೂರುತ್ತಿದ್ದರು. ಸೂಜಿ ತನ್ನ ಪಾಡಿಗೆ ಓಡುತ್ತಿತ್ತು, ಬಾಯಿ ತನ್ನ ಪಾಡಿಗೆ. ‘ಅವಳು ಬರಲ್ಲ ಅಂತಿದಾಳೆ. ಇವನು ಬಾ ಅಂತಿದಾನೆ. ಈಗ ಅವರಪ್ಪ ಬಂದ್ರು ನೋಡಿ, ಎಡವಟ್ಟಾಯ್ತು.’ ಮಾವ ಪರದೆಯ ಕಡೆಗೆ ಕಣ್ಣು, ಹೆಂಡತಿಯ ಕಡೆಗೆ ಕಿವಿ ಕೊಟ್ಟು ಹೀಗೇ ವರ್ಷಗಟ್ಟಲೆ ಸಿನಿಮಾ ನೋಡಿದರು.

ಅವರ ಮಗಳು ಔಷಧಿ ಅಂಗಡಿಯಲ್ಲಿ ಕೆಲಸಕ್ಕಿದ್ದಳು. ಒಂದು ಮಧ್ಯಾಹ್ನ ಚಪ್ಪಲಿ ಬಿಡುವುದಕ್ಕೂ ಪುರುಸೊತ್ತಿಲ್ಲದವಳಂತೆ ಒಳಗೆ ನುಗ್ಗಿ, ಊಟಕ್ಕೆ ಕೂತಿದ್ದ ಅಪ್ಪನ ಬಲಗಿವಿಗೆ ಬಾಯಿಟ್ಟಳು.

“ಅಪ್ಪಾ, ಗೆಳತಿ ಮನೇಲಿ ನೋಡ್ಕೊಂಡು ಬಂದೆ. ಸಿನಿಮಾದಲ್ಲಿ ಅವ್ರು ಆಡೋ ಮಾತೆಲ್ಲ ಕೆಳಗೆ ಅಕ್ಷರದಲ್ಲಿ ಬರುತ್ತೆ! ನಮ್ಮ ಭಾಷೆಯಲ್ಲೇ!”

“ಪ್ರತಿಯೊಂದು ಮಾತೂನಾ?”

“ಕೆಮ್ಮಿದ್ರೆ ಕೆಮ್ಮಿದ ಅಂತಾನೂ ಬರುತ್ತೆ.”

“ಹಾಗಾದ್ರೆ ಈ ಟೀವಿ ಎಸೀಬೇಕಾ?”

“ಬೇಡಪ್ಪ. ಅಂಗೈಯಷ್ಟು ಒಂದು ಪೆಟ್ಟಿಗೆ ಸಿಗುತ್ತೆ. ಟೀವಿ ಹಿಂದೆ ಸಿಕ್ಕಿಸಿ, ಮನೆ ಇಂಟರ್‌ನೆಟ್‌ಗೆ ಸೇರಿಸಿದ್ರೆ ಆಯ್ತು.”

ಮಾವ ಎಂಜಲು ಕೈಯಲ್ಲೇ ಎದ್ದುಬಿಟ್ಟರು. ಎಡಗೈಯಲ್ಲಿ ಟಾರ್ಚು ಹಿಡಿದು ಟೀವಿಯ ಬೆನ್ನಿಗೆ ಹೋಗಿ, ಪೆಟ್ಟಿಗೆ ಸಿಕ್ಕಿಸುವ ಚಪ್ಪಟೆ ತೂತು ಇದೆಯೇ ಎಂದು ಹುಡುಕಿದರು. ಇತ್ತು. ಧೂಳು ಉಫ್ ಎಂದು ಊದಿ ಮೇಲೆದ್ದಾಗ ಮೂಗಿನ ತುದಿಯೆಲ್ಲ ಕಪ್ಪು.

“ನಂಗಿನ್ನು ಪಿಂಚಣಿ ಅನ್ನಿ” ಎಂದರು ಅತ್ತೆ. ಎಲ್ಲರೂ ನಕ್ಕರು. ಆಮೇಲೆ ಅತ್ತೆ ಯಾಕೋ ಹೆಚ್ಚು ಮಾತಾಡಲಿಲ್ಲ.

ಟೀವಿ ಅಂಗಡಿಗೆ ಹೋಗಬೇಕಿದ್ದ ಭಾನುವಾರದ ತನಕ ಮಾವನಿಗೆ ನಿಂತಲ್ಲಿ ನಿಲ್ಲಲಾಗಲಿಲ್ಲ. ಮಗಳು ಫೋನಿನಲ್ಲಿ ಹುಡುಕಿದ್ದೇ ಹುಡುಕಿದ್ದು: ಇದರ ವೇಗ ಜಾಸ್ತಿ, ಅದರ ಚಿತ್ರ ಚೊಕ್ಕ, ಇನ್ನೊಂದರಲ್ಲಿ ಜಾಗ ಹೆಚ್ಚು. ಅದೊಂದೂ ಮಾವನ ತಲೆಗೆ ಹೋಗಲಿಲ್ಲ. ತಾನು ಕೂರುವ ಕುರ್ಚಿಯಿಂದ ಟೀವಿಯ ತನಕ ಒಂದು ದಾರ ಎಳೆದು, ಕತ್ತರಿಸಿ, ಸುತ್ತಿ ಜೇಬಿಗೆ ಹಾಕಿಕೊಂಡರು. ದಾರ ಹೆಂಡತಿಯ ಹೊಲಿಗೆ ಡಬ್ಬದ್ದು.

ಅಂಗಡಿಯಲ್ಲಿ ಅಪ್ಪ ಮಗಳನ್ನು ಮಾತಾಡಿಸಲು ಬಂದವಳು ನೀಲಿ ಅಂಗಿಯ ಚುರುಕಾದ ಹೆಂಗಸು. ಮೇಜಿನ ಮೇಲೆ ಮೂರು ಪೆಟ್ಟಿಗೆ ಸಾಲಾಗಿಟ್ಟು, ಉಸಿರು ಕಟ್ಟಿ ಒಂದೇ ಸಮನೆ ಗುಣಗಾನ ಮಾಡಿದಳು. ಮಾವ ಅವಳ ತುಟಿಯನ್ನೇ ನೋಡುತ್ತ ಗೌರವದಿಂದ ತಲೆಯಾಡಿಸಿ, ಎಲ್ಲ ಮುಗಿದ ಮೇಲೆ ಹೇಳಿದರು: “ಒಂದೂ ಕೇಳಿಸ್ಲಿಲ್ಲ ತಾಯಿ. ಅಕ್ಷರ ತೋರ್ಸು.”

ಹೆಂಗಸು ಒಂದು ಗಳಿಗೆ ಕಣ್ಣರಳಿಸಿ, ನಕ್ಕು, ಮೊದಲ ಪೆಟ್ಟಿಗೆಯನ್ನು ಗೋಡೆಯ ಟೀವಿಗೆ ಸಿಕ್ಕಿಸಿದಳು. ಮಾವ ಜೇಬಿನಿಂದ ದಾರ ತೆಗೆದರು. ಒಂದು ತುದಿ ಮಗಳ ಕೈಗೆ ಕೊಟ್ಟು, ಇನ್ನೊಂದನ್ನು ಹಿಡಿದು ಹಿಂದೆ ಹಿಂದೆ ಹೋದರು. ದಾರ ಮುಗಿದಾಗ ಎರಡು ಫ್ರಿಜ್ಜುಗಳ ಸಂದಿಯಲ್ಲಿದ್ದರು. ಗಿರಾಕಿಗಳು ದಾರದ ಮೇಲೆ ಕಾಲೆತ್ತಿಟ್ಟು ದಾಟತೊಡಗಿದರು.

“ಇಲ್ಲಿಂದ ಕಾಣ್ಬೇಕು!” ಮಾವ ಅಲ್ಲಿಂದಲೇ ಕೂಗಿದರು. ಕೇಳಿಸದವರ ಕೂಗು, ಇಡೀ ಅಂಗಡಿ ತಿರುಗಿ ನೋಡಿತು.

ಮೊದಲ ಪೆಟ್ಟಿಗೆಯ ಅಕ್ಷರ ಇರುವೆ ಸಾಲಿನಂತಿತ್ತು. ಸಾಲದ್ದಕ್ಕೆ ಬಿಳಿ ಅಕ್ಷರ. ತೆರೆಯ ಮೇಲೆ ಹಿಮ ಬಿದ್ದ ಕೂಡಲೇ ಮಾತೆಲ್ಲ ಹಿಮದಲ್ಲಿ ಕರಗಿಹೋಯಿತು. ಎರಡನೆಯದರಲ್ಲಿ ಅಕ್ಷರವೇನೋ ದೊಡ್ಡದು. ಆದರೆ ರಿಮೋಟಿನ ಗುಂಡಿಗಳು ಅಕ್ಕಿಕಾಳಿನಷ್ಟು. ಮಾವನ ಹೆಬ್ಬೆರಳು ಒಂದನ್ನು ಒತ್ತಲು ಹೋಗಿ ಮೂರನ್ನು ಒತ್ತಿತು, ಟೀವಿ ಗಾಬರಿಗೊಂಡು ಎಲ್ಲೆಲ್ಲೋ ಹೋಗಿ ನಿಂತಿತು.

“ಬಾಯಲ್ಲಿ ಹೇಳಿದ್ರೂ ಸಾಕು ಅಂಕಲ್, ಅದಕ್ಕೆ ಕೇಳಿಸುತ್ತೆ” ಎಂದು ಹೆಂಗಸು ಕಿವಿಯ ಹತ್ತಿರ ಬಂದು ಹೇಳಿದಳು.

“ಪುಣ್ಯವಂತ ಪೆಟ್ಟಿಗೆ” ಎಂದರು ಮಾವ.

ಮೂರನೆಯದು ನೋಡಲು ಸವೆದ ಸೋಪಿನ ಬಿಲ್ಲೆ. ಮಗಳ ಲೆಕ್ಕದಲ್ಲಿ ಮೂರರಲ್ಲಿ ಅದೇ ಸಪ್ಪೆ. ಆದರೆ ಹೆಂಗಸು ಯಾವುದೋ ಪುಟ ತೆರೆದು ಅಕ್ಷರವನ್ನು ಒಂದೊಂದೇ ಮೆಟ್ಟಿಲು ದೊಡ್ಡದು ಮಾಡುತ್ತ ಹೋದಳು. ಹಳದಿ ಬಣ್ಣ ಕೊಟ್ಟಳು, ಬೆನ್ನಿಗೆ ಕಪ್ಪು ಪಟ್ಟಿ ಹಾಕಿದಳು. ತೆರೆಯ ಮೇಲೆ ಒಬ್ಬ ಮುದುಕಿ ಬಾಗಿಲು ತೆರೆದಳು, ಕೆಳಗೆ ಅಂಗಡಿಯ ಬೋರ್ಡಿನಂತೆ ಅಕ್ಷರ ಮೂಡಿತು.

“ಚಿಲಕ ಹಾಕಿರಲಿಲ್ಲವಲ್ಲ, ಬಾಗಿಲು ಯಾಕೆ ಬಡಿದೆ?” ಮಾವ ಫ್ರಿಜ್ಜುಗಳ ಸಂದಿಯಿಂದ ಗಟ್ಟಿಯಾಗಿ ಓದಿದರು. ಮುದುಕಿಯ ಬಾಯಿ ಮುಚ್ಚುವುದಕ್ಕೂ ಇವರ ಓದು ಮುಗಿಯುವುದಕ್ಕೂ ಸರಿಹೋಯಿತು. ದಾರ ಕೈಯಿಂದ ಜಾರಿತು.

“ಇದೇ! ಇದೇ ಬೇಕು! ಕಟ್ಟು ತಾಯಿ, ಕಟ್ಟು!”

ಮನೆಗೆ ಬಂದು ನೀರು ಕುಡಿಯುವ ಮೊದಲೇ ಜೋಡಣೆ ಶುರುವಾಯಿತು. ಮಾವನ ಟೀವಿ ಕೂತಿದ್ದು ಅವರೇ ಮಾಡಿದ ತಗಡಿನ ಬೀರುವಿನ ಮೇಲೆ. ಅಂದದ ಬೀರು, ಮೂಲೆ ಮೂಲೆಗೂ ಮಡಿಕೆ, ಮುಂದೆ ಮುಚ್ಚುವ ಬಾಗಿಲು. ಪೆಟ್ಟಿಗೆಗೆ ಧೂಳು ತಾಗಬಾರದೆಂದು ಮಾವ ಅದನ್ನು ಬೀರುವಿನ ಒಳಗಿಟ್ಟು, ತಂತಿಯನ್ನು ಹಿಂದಿನ ತೂತಿನಿಂದ ಹೊರತೆಗೆದು, ಬಾಗಿಲು ಮುಚ್ಚಿದರು. ಚಿತ್ರ ಬಂತು. ನಾಯಕಿ ಕಿಟಕಿಯ ಹತ್ತಿರ ಬಂದು ಬಾಯಿ ತೆರೆದಳು. ತೆರೆದ ಬಾಯಿ ತೆರೆದೇ ಇತ್ತು. ತೆರೆಯ ನಡುವೆ ಬಳೆಯಂಥ ಒಂದು ಗೆರೆ ಗಿರಗಿರ ಸುತ್ತತೊಡಗಿತು.

ಬಿಚ್ಚಿ ಮತ್ತೆ ಹಾಕಿದರು, ಆರಿಸಿ ಹಚ್ಚಿದರು. ಬಳೆ ಸುತ್ತುತ್ತಲೇ ಇತ್ತು. ಮಾವನ ಮುಖ ಇಷ್ಟೇ ಇಷ್ಟಾಯಿತು. ಮಗಳು ಅಂಗಡಿಗೆ ಫೋನು ಮಾಡಿದಾಗ ನೀಲಿ ಅಂಗಿಯವಳೇ ಸಿಕ್ಕಳು.

“ಪೆಟ್ಟಿಗೆ ಎಲ್ಲಿಟ್ಟಿದೀರಾ?”

“ತಗಡಿನ ಬೀರು ಒಳಗೆ.”

“ಅಯ್ಯೋ, ತಗಡು ದಾಟಿ ಇಂಟರ್‌ನೆಟ್ ಹೇಗೆ ಬರ್ಬೇಕು? ಮೊದ್ಲು ಆಚೆ ತೆಗೀರಿ!”

ಮಗಳು ಅದನ್ನು ಅಪ್ಪನಿಗೆ ಹೇಳಿದಳು. ಮಾವ ಬೀರುವನ್ನೊಮ್ಮೆ, ಹೆಂಡತಿಯನ್ನೊಮ್ಮೆ ನೋಡಿದರು. “ಜೀವನ ಪೂರ್ತಿ ಅನ್ನ ಹಾಕಿದ ತಗಡು ಕಣೇ, ಈಗ ಅಡ್ಡ ನಿಂತಿದೆ!” ಎಂದು ತಾವೇ ಮೊದಲು ನಕ್ಕರು. ಪೆಟ್ಟಿಗೆ ಬೀರುವಿನ ಮೇಲಕ್ಕೆ ಬಂದದ್ದೇ ತಡ, ಬಳೆ ಮಾಯವಾಗಿ ನಾಯಕಿ ಮಾತು ಮುಂದುವರಿಸಿದಳು.

ಮೊದಲು ಯಾವ ಸಿನಿಮಾ ಎನ್ನುವುದಕ್ಕೆ ಚರ್ಚೆಯೇ ಆಗಲಿಲ್ಲ. ಇಬ್ಬರು ಅಣ್ಣತಮ್ಮಂದಿರು ಒಂದು ದೋಣಿಗಾಗಿ ಜಗಳವಾಡುವ ಹಳೆಯ ಸಿನಿಮಾ. ಹೆಂಡತಿಯ ಬಾಯಿಂದ ಕೇಳಿ ಕೇಳಿ ಮಾವನಿಗೆ ಅದು ಬಾಯಿಪಾಠ. ಅತ್ತೆ ಎಂದಿನಂತೆ ಬಲಗಡೆ ಕೂತರು, ಆದರೆ ಬಾಯಿ ಬಿಡಲಿಲ್ಲ. ಕಡೆಯ ದೃಶ್ಯ ಬಂತು. ರೈಲು ಹೊರಟಿದೆ, ತಮ್ಮ ಕಿಟಕಿಯಲ್ಲಿದ್ದಾನೆ, ಅಣ್ಣ ಕೆಳಗೆ ನಿಂತು ಏನೋ ಹೇಳುತ್ತಾನೆ. ಈ ಮಾತು ಮಾವನಿಗೆ ಬಹಳ ಇಷ್ಟ: ‘ಹೋಗಿ ಬಾ, ಹೊತ್ತಿಗೆ ಸರಿಯಾಗಿ ಉಣ್ಣು.’ ಬರುವ ಮೊದಲೇ ಅವರ ತುಟಿ ಅದನ್ನು ಆಡಿತು.

ತೆರೆಯ ಮೇಲೆ ಹಳದಿ ಅಕ್ಷರ ಮೂಡಿತು: “ಇನ್ನು ಈ ಜನ್ಮದಲ್ಲಿ ನಿನ್ನ ಮುಖ ನೋಡಲ್ಲ.”

ಮಾವ ರಿಮೋಟು ಒತ್ತಿ ನಿಲ್ಲಿಸಿದರು. ಹಿಂದಕ್ಕೆ ಹೋಗಿ ಮತ್ತೆ ನೋಡಿದರು. ಅದೇ ಅಕ್ಷರ. ಮೆಲ್ಲಗೆ ಬಲಕ್ಕೆ ತಿರುಗಿದರು. ಅತ್ತೆ ದಾರವಿಲ್ಲದ ಸೂಜಿಯಲ್ಲಿ ಭಾರೀ ಮುತುವರ್ಜಿಯಿಂದ ಹೊಲಿಯುತ್ತಿದ್ದರು.

“ಏನೇ ಇದು?”

“ಏನು?”

“ಉಣ್ಣು ಅಂತ ಎಲ್ಲಿ ಹೇಳಿದ ಇವನು?”

ಅತ್ತೆ ಸೂಜಿ ಕೆಳಗಿಟ್ಟು ಗಂಡನ ಕಿವಿಗೆ ಬಾಗಿದರು. “ನೀವು ಆಗಷ್ಟೇ ಕೆಲಸ ಬಿಟ್ಟು ಮನೇಲಿ ಕೂತಿದ್ರಿ. ಕಿವೀನೂ ಹೋಗಿತ್ತು. ದಿನಾ ಮುಖ ಬಾಡಿಸ್ಕೊಂಡು ಇರ್ತಿದ್ರಿ. ಅದರ ಮೇಲೆ ಆ ಹಾಳಾದವನ ಮಾತು ಬೇರೆ ನಾನು ನಿಮ್ಮ ಕಿವಿಗೆ ಹಾಕ್ಬೇಕಿತ್ತಾ?”

ಮಾವ ತೆರೆಯ ಮೇಲಿನ ಅಕ್ಷರವನ್ನು ಮತ್ತೊಮ್ಮೆ ಓದಿದರು. ಮಗಳು ಇಬ್ಬರನ್ನೂ ನೋಡುತ್ತಿದ್ದಳು. ಅಷ್ಟರಲ್ಲಿ ಮಾವನ ಭುಜ ಕುಲುಕಿತು, ಹೊಟ್ಟೆ ಕುಲುಕಿತು, ಕಣ್ಣಲ್ಲಿ ನೀರು ಬರುವಂತೆ ನಕ್ಕುಬಿಟ್ಟರು.

“ಇಂಥವು ಇನ್ನೂ ಎಷ್ಟಿವೆಯೇ?”

“ಲೆಕ್ಕ ಯಾರಿಟ್ರು? ಆ ಡಾಕ್ಟರಮ್ಮನ ಸಿನಿಮಾ ಇದ್ಯಲ್ಲ, ಅದರಲ್ಲಿ ಅವಳು ಬದುಕಲ್ಲ.”

“ಬೇರೆ ಊರಿಗೆ ವರ್ಗ ಆಯ್ತು ಅಂದಿದ್ದೆ!”

“ಒಂದು ಥರದಲ್ಲಿ ವರ್ಗಾನೇ.”

“ಮತ್ತೆ ಆ ಕಳ್ಳ? ಒಡವೆ ವಾಪಸ್ ಕೊಟ್ಟ ಅಂದ್ಯಲ್ಲ?”

“ಅದು ನಂಗೂ ಗೊತ್ತಿಲ್ಲ. ಒಲೆ ಮೇಲೆ ಹಾಲಿಟ್ಟಿದ್ದೆ, ಒಳಗೆ ಹೋಗಿದ್ದೆ. ಬಂದಾಗ ನೀವು ಏನಾಯ್ತು ಅಂದ್ರಿ, ಏನೋ ಒಂದು ಹೇಳ್ದೆ.”

ಮುಂದಿನ ಎಷ್ಟೋ ಸಂಜೆಗಳು ಆ ಮನೆಯಲ್ಲಿ ಹಬ್ಬವೇ. ಹಳೆಯ ಸಿನಿಮಾಗಳನ್ನೆಲ್ಲ ಹೊಸದಾಗಿ ನೋಡಿದರು. ಮಗಳು ಅಂಗಡಿ ಮುಗಿಸಿ ಓಡೋಡಿ ಬರುತ್ತಿದ್ದಳು. ಪ್ರತಿ ಸಲ ಮಾವ ಸಿನಿಮಾ ನಿಲ್ಲಿಸಿ, ‘ನೀನು ಹೇಳಿದ್ದು ಹೀಗೆ, ಇವನು ಅಂತಿರೋದು ಹೀಗೆ’ ಎಂದು ವಿಚಾರಣೆ ನಡೆಸುತ್ತಿದ್ದರು. ಅತ್ತೆ ಸೋಲಲಿಲ್ಲ. ‘ನಂದೇ ಚೆನ್ನಾಗಿತ್ತು’ ಎಂದು ವಾದಿಸಿದರು. ಎರಡು ಮೂರು ಸಲ ಮಾವನೂ ಅದನ್ನು ಒಪ್ಪಿದರು.

ಹಳೆಯವು ಮುಗಿದು, ಇಬ್ಬರೂ ನೋಡಿರದ ಒಂದು ಸಿನಿಮಾ ಹಚ್ಚಿದ ದಿನ ಮಾತ್ರ ಅತ್ತೆ ಸುಮ್ಮನೆ ಕೂತಿದ್ದರು. ವಿಚಾರಣೆಯೂ ಇಲ್ಲ, ವಾದವೂ ಇಲ್ಲ. ಹೇಳಬೇಕಾದ್ದನ್ನೆಲ್ಲ ಅಕ್ಷರವೇ ಹೇಳುತ್ತಿತ್ತು. ಅತ್ತೆ ಕುರ್ಚಿಯನ್ನು ದೀಪದ ಕಡೆಗೆ ಸರಿಸಿಕೊಂಡು ಕೋಟಿನ ಗುಂಡಿ ನೋಡತೊಡಗಿದರು. ಆಗ ತೆರೆಯ ಮೇಲೆ ಒಬ್ಬ ಹುಡುಗಿ ಖಾಲಿ ರಸ್ತೆಯಲ್ಲಿ ನಡೆಯತೊಡಗಿದಳು. ಕೆಳಗೆ ಒಂದೇ ಪದ ಬಂತು: “ಸಂಗೀತ.”

ಮಾವ ಕಾದರು. ಹುಡುಗಿ ನಡೆಯುತ್ತಲೇ ಇದ್ದಳು, ಪದ ನಿಂತೇ ಇತ್ತು.

“ಲೇ, ಯಾವ ಥರದ್ದೇ ಇದು?”

ಅತ್ತೆ ತಲೆಯೆತ್ತಿದರು. ಸ್ವಲ್ಪ ಹೊತ್ತು ಕಿವಿಗೊಟ್ಟು ಕೇಳಿದರು. ಕುರ್ಚಿಯನ್ನು ಸರ್ರನೆ ಬಲಗಡೆಗೆ ಎಳೆದುಕೊಂಡರು.

“ಒಂದೇ ಒಂದು ಕೊಳಲು. ಯಾರೋ ದೂರದಿಂದ ಕರೆದ ಹಾಗಿದೆ, ಆದ್ರೆ ಹೆಸರು ಮರೆತಿದ್ದಾರೆ. ತಡೀರಿ, ಈಗ ಡೋಲು ಸೇರ್ತು. ಮೆಲ್ಲಗೆ... ಜೋರಾಯ್ತು. ಅವಳ ಹಿಂದೆ ಯಾರೋ ಬರ್ತಿದಾರೆ!”

“ನಿಜ ಹೇಳ್ತಿದೀಯಾ?”

“ಅಕ್ಷರಾನೇ ಕೇಳ್ಕೊಳ್ಳಿ!”

ಅಷ್ಟರಲ್ಲಿ ರಸ್ತೆಯ ತಿರುವಿನಿಂದ ಮೂವರು ನುಗ್ಗಿ ಬಂದರು, ಹುಡುಗಿ ಓಟ ಕಿತ್ತಳು. ಮಾವ ಕುರ್ಚಿಯ ತುದಿಗೆ ಬಂದು ಹೆಂಡತಿಯ ಮೊಣಕೈ ಗಟ್ಟಿಯಾಗಿ ಹಿಡಿದುಕೊಂಡರು.

“ನಿಲ್ಲಿಸ್ಬೇಡ, ಹೇಳು ಹೇಳು, ಡೋಲು ಏನಾಯ್ತು?”