ಸತ್ತ ಪೈಲ್ವಾನರ ಹಾಲು

ಮೊನ್ನೆ ಭಾನುವಾರ ರಾಮನಗರದ ಸಲೂನೊಂದರಲ್ಲಿ ಶೇವಿಂಗ್ ಮುಗಿಸಿದ ಹುಡುಗ ನನ್ನ ಕೆನ್ನೆಗೆ ಪಟಿಕದ ಕಲ್ಲು ಉಜ್ಜಿದ. ಈಗ ಪಟಿಕ ಇಟ್ಟುಕೊಂಡಿರುವ ಸಲೂನು ಸಿಗುವುದೇ ಕಷ್ಟ. ಘಂ ಅನ್ನುವ ಯಾವುದೋ ನೀಲಿ ನೀರು ಚಿಮುಕಿಸಿ ಎಬ್ಬಿಸಿಬಿಡುತ್ತಾರೆ. ಹಳೇ ಉರಿ ಕೆನ್ನೆಯ ಮೇಲೆ ಚುರ್ ಅಂದಿತು. ಅದೇ ಹೊತ್ತಿಗೆ ಹಿಂದಿನ ಬೆಂಚಿನಲ್ಲಿ ಇಬ್ಬರು ಒಂದೇ ಫೋನಿಗೆ ತಲೆ ಕೊಟ್ಟು ಜಗಳವಾಡುತ್ತಿದ್ದರು. ಫೋನಿನೊಳಗೆ ಕಂಪ್ಯೂಟರು ಇಬ್ಬರು ಬಾಕ್ಸರುಗಳನ್ನು ಹೊಡೆದಾಡಿಸುತ್ತಿತ್ತು. ಒಬ್ಬ ಕಪ್ಪು-ಬಿಳುಪು ಕಾಲದವನು, ಇನ್ನೊಬ್ಬ ಕಲರ್ ಕಾಲದವನು. ಬದುಕಿನಲ್ಲಿ ಒಬ್ಬರ ಮುಖ ಒಬ್ಬರು ಕಂಡವರಲ್ಲ.

"ಆ ಕಾಲ್ದೋರು ಕಬ್ಬಿಣ ಅಗ್ದು ತಿಂದೋರು ಕಣ್ಲಾ. ಇವ್ನು ಒಂದು ರೌಂಡೂ ನಿಲ್ಲಲ್ಲ."

"ಹೋಗ್ಲಾ ಅತ್ಲಾಗೆ! ಆ ಕಾಲ್ದಲ್ಲಿ ಜಿಮ್ ಎಲ್ಲೈತ್ಲಾ?"

ಇಬ್ಬರೂ ಜೀವನದಲ್ಲಿ ಸೊಳ್ಳೆಗಿಂತ ದೊಡ್ಡದನ್ನು ಹೊಡೆದವರಂತೆ ಕಾಣಲಿಲ್ಲ. ನಗು ಬರಬೇಕಿತ್ತು. ಬರಲಿಲ್ಲ. ನನಗೆ ನಮ್ಮೂರು ವಿರೂಪಾಕ್ಷಿಪುರದ ನಂಜುಂಡಣ್ಣನ ಸಲೂನು ನೆನಪಾಗಿತ್ತು.

ನಾನು ಪಿಯುಸಿಯಿಂದಲೂ ಡೈರಿ ಬರೆಯುವವನು. ಡೈರಿ ಎಂದರೆ ಮನದಾಳದ ಮಾತು ಅಂದುಕೊಳ್ಳಬೇಡಿ. ಮಳೆ ಬಂದ ದಿನ, ಬಸ್ಸು ಬಾರದ ದಿನ, ಮನೆಯಲ್ಲಿ ಹುರುಳಿ ಸಾರು ಮಾಡಿದ ದಿನ, ಅಷ್ಟೇ. ಡಿಗ್ರಿ ಓದುವಾಗ ಇದಕ್ಕೆ ಇನ್ನೊಂದು ಕಲಂ ಸೇರಿತು: ಭಾನುವಾರ ಸಲೂನಿನಲ್ಲಿ ಗೆದ್ದವರು ಯಾರು.

ಗೆಲ್ಲುವುದಕ್ಕೆ ಅಲ್ಲಿ ಇದ್ದವರು ಇಬ್ಬರೇ. ಒಬ್ಬ ಸಾತನೂರು ಕಡೆಯ ಪೈಲ್ವಾನ್ ಚಿಕ್ಕಣ್ಣ. ಸಲೂನಿಗೆ ಬರುವವರಲ್ಲಿ ಯಾರೂ ಹುಟ್ಟುವ ಮೊದಲೇ ಅವನು ತೀರಿಕೊಂಡಿದ್ದ. ಅವನ ಒಂದು ಫೋಟೋ ಕೂಡ ಉಳಿದಿಲ್ಲ. ಇನ್ನೊಬ್ಬರು ನಮ್ಮೂರಿನವರೇ ಆದ ಪೈಲ್ವಾನ್ ಬೋರೇಗೌಡರು. ಇವರಿಗಿದ್ದ ದೊಡ್ಡ ತೊಂದರೆ ಏನೆಂದರೆ ಬದುಕಿದ್ದರು. ಎಪ್ಪತ್ತು ದಾಟಿತ್ತು, ಮಂಡಿ ಹೋಗಿತ್ತು, ಸಕ್ಕರೆ ಕಾಯಿಲೆ ಇತ್ತು. ಕುಸ್ತಿಯಲ್ಲಿ ಜಜ್ಜಿಹೋದ ಕಿವಿಗಳು ಮಾತ್ರ ಹಳೇ ಬೆಲ್ಲದ ಅಚ್ಚಿನಂತೆ ಗಟ್ಟಿಯಾಗಿದ್ದವು. ಮೀಸೆಗೆ ತಪ್ಪದೆ ಕಪ್ಪು ಹಚ್ಚುತ್ತಿದ್ದರು. ಪ್ರತಿ ಭಾನುವಾರ ಶೇವಿಂಗಿಗೆ ಬರುವರು, ಚಿಕ್ಕಣ್ಣನ ಕೈಲಿ ಸೋತು ಮನೆಗೆ ಹೋಗುವರು.

ಸೋಲಿಸುತ್ತಿದ್ದದ್ದು ಹೇಗೆ ಗೊತ್ತೇ? ನಂಜುಂಡಣ್ಣನ ಸಲೂನಿನಲ್ಲಿ ಒಂದು ಕಾನೂನಿತ್ತು. ಕುರ್ಚಿಯಲ್ಲಿ ಕೂತವರಿಗೆ ಮಾತಿಲ್ಲ. ಹಿಂದೊಮ್ಮೆ ಯಾರೋ ಪಂಚಾಯ್ತಿ ಎಲೆಕ್ಷನ್ನಿನ ವಿಷಯಕ್ಕೆ ತಲೆ ಕೊಡವಿ ಗದ್ದ ಕೊಯ್ಸಿಕೊಂಡರಂತೆ, ಅವತ್ತಿನಿಂದ. ನೊರೆ ಹಚ್ಚಿದರೆ ಬಾಯಿ ಮುಚ್ಚಬೇಕು, ಪಟಿಕ ಉಜ್ಜಿದ ಮೇಲೆ ಮಾತು ವಾಪಸ್ಸು. ವಾದಕ್ಕೆ ತೀರ್ಪು ಕೊಡುವವನೂ ನಂಜುಂಡಣ್ಣನೇ. ಹೆಗಲ ಮೇಲಿನ ಟವೆಲ್ಲು ತೆಗೆದು ಒದರಿದನೆಂದರೆ ಮುಗಿಯಿತು, ಮೇಲ್ಮನವಿ ಇಲ್ಲ.

ಬೆಂಚಿನ ಮೇಲೆ ಕಾಯಂ ಕೂರುತ್ತಿದ್ದ ಹಾಲಿನ ಡೇರಿ ಸೆಕ್ರೆಟರಿ ಪುಟ್ಟಸ್ವಾಮಣ್ಣ, ಬೋರೇಗೌಡರ ಮುಖಕ್ಕೆ ನೊರೆ ಹತ್ತುವವರೆಗೆ ತಾಳ್ಮೆಯಿಂದ ಪೇಪರ್ ಓದುತ್ತಿದ್ದ. ನೊರೆ ಹತ್ತಿತೋ ಇಲ್ಲವೋ, ಪೇಪರ್ ಮಡಚುತ್ತಿದ್ದ.

"ಅಲ್ಲ ನಂಜುಂಡ, ಈ ಗೌಡ್ರಿಗೂ ಆ ಚಿಕ್ಕಣ್ಣನಿಗೂ ಬಿಟ್ಟಿದ್ರೆ ಏನಾಗ್ತಿತ್ತು ಅಂತೀಯ?"

"ನೀವೇ ಹೇಳಿ ಸೆಕ್ರೆಟ್ರಿ."

"ಚಿಕ್ಕಣ್ಣ ಬೆಳಿಗ್ಗೆ ಎದ್ರೆ ನಾಕು ಸೇರು ಹಾಲು ಕಣಯ್ಯ! ಕರೆದ ಬಿಸೀಲೇ!"

ಆ ವರ್ಷದ ಯುಗಾದಿಗೆ ಅದು ಎರಡೇ ಸೇರು ಇತ್ತು ಅಂತ ನನ್ನ ಡೈರಿಯಲ್ಲಿದೆ. ದೀಪಾವಳಿಯ ಹೊತ್ತಿಗೆ ಆರಾಯಿತು. ಸತ್ತ ಮೇಲೆ ಇಷ್ಟು ಚೆನ್ನಾಗಿ ಊಟ ಮಾಡಿದವರನ್ನು ನಾನು ಬೇರೆ ಕಂಡಿಲ್ಲ. ಡೇರಿಯಲ್ಲಿ ಹೆಂಗಸರು ತಂದ ಚೊಂಬು ಹಾಲಿಗೆ ಫ್ಯಾಟ್ ನೋಡಿ, ನೀರು ಬೆರೆತಿದೆಯೇ ಎಂದು ಡಿಗ್ರಿ ನೋಡಿ, ಮೂಗು ಮುರಿದು ಅಳೆಯುವ ಈ ಪುಟ್ಟಸ್ವಾಮಣ್ಣ, ಚಿಕ್ಕಣ್ಣನಿಗೆ ಮಾತ್ರ ಅಳತೆಯಿಲ್ಲದೆ ಸುರಿಯುತ್ತಿದ್ದ.

ಕುರ್ಚಿಯಲ್ಲಿ ಬೋರೇಗೌಡರ ಕಾಲಬೆರಳು ಕುಣಿಯುತ್ತಿದ್ದವು. ನೊರೆಯೊಳಗಿಂದ "ಊಂ! ಊಂ!" ಎಂದು ಸದ್ದು ಬರುತ್ತಿತ್ತು.

"ಅಲ್ಲಾಡ್ಬೇಡಿ ಗೌಡ್ರೇ, ಕತ್ತಿ ಐತೆ."

"ನೋಡ್ದಾ, ಗೌಡ್ರೇ ಊಂ ಅಂತಾವ್ರೆ. ಒಪ್ಕಂಡ್ರು ಬುಡು."

ನಂಜುಂಡಣ್ಣ ಟವೆಲ್ಲು ಒದರುತ್ತಿದ್ದ. ಪಟಿಕ ಆಮೇಲೆ ಬರುತ್ತಿತ್ತು. ಬೋರೇಗೌಡರಿಗೆ ಮಾತು ವಾಪಸ್ಸು ಬರುವಷ್ಟರಲ್ಲಿ ಎಲ್ಲರೂ ರೇಷ್ಮೆ ಗೂಡಿನ ರೇಟಿನ ಕಡೆ ಹೊರಳಿರುತ್ತಿದ್ದರು.

ನಮ್ಮ ಮನೆಯೂ ಅವರ ಮನೆಯೂ ಒಂದೇ ಬೀದಿ. ಒಮ್ಮೆ ವಾಪಸ್ಸು ಹೋಗುವಾಗ ಬೋರೇಗೌಡರು ಕೇಳಿದರು.

"ಏನ್ಲಾ ಮಗ ಬರ್ಕತೀಯ ಇವತ್ತು?"

"ಚಿಕ್ಕಣ್ಣ ಅಂತ, ತಾತ."

"ಥೂ!" ಒಸಿ ದೂರ ನಡೆದು ನಿಂತರು. "ಒಂದೇ ಒಂದು ಸಲ ನನ್ ಹೆಸ್ರು ಬರೀಬೇಕು ಕಣ್ಲಾ ನೀನು. ಉಸ್ರು ಇರೋವಾಗ್ಲೇ. ಸತ್ ಮೇಲೆ ಬ್ಯಾಡ. ಸತ್ತ ಎಮ್ಮೆಗೆ ಹಾಲು ಜಾಸ್ತಿ, ಅದು ನಂಗೂ ಗೊತ್ತು."

ಇದನ್ನು ವಿನಯವೆಂದು ತಿಳಿಯಬೇಡಿ. ಅವರಷ್ಟು ಜಂಬದ ಮನುಷ್ಯನನ್ನು ಹುಡುಕಲು ನೀವು ಮಾಗಡಿ, ಕನಕಪುರ ಎರಡನ್ನೂ ಸುತ್ತಬೇಕು. ಅವರಿಗೆ ಗೆಲುವು ಬೇಕಿತ್ತು, ಅದೂ ತಾವು ಕಿವಿಯಾರೆ ಕೇಳುವ ಹಾಗೆ.

ಮರುವರ್ಷ ಒಂದು ಭಾನುವಾರ ಬೋರೇಗೌಡರು ಮನೆಯಲ್ಲೇ ಶೇವಿಂಗ್ ಮಾಡಿಕೊಂಡು ಸಲೂನಿಗೆ ಬಂದರು. ಗದ್ದದ ಮೇಲೆ ಮೂರು ಕಡೆ ಪೇಪರಿನ ಚೂರು ಅಂಟಿಸಿದ್ದರು, ರಕ್ತ ನಿಲ್ಲಲಿ ಎಂದು. ಕುರ್ಚಿಯ ಕಡೆ ತಿರುಗಿಯೂ ನೋಡದೆ ಬೆಂಚಿನ ನಡುವೆ ಕೂತರು.

"ಈಗ ಮಾತಾಡ್ಲಾ ಪುಟ್ಟಸ್ವಾಮಿ."

ಪುಟ್ಟಸ್ವಾಮಣ್ಣನ ಮುಖ ನೋಡಬೇಕಿತ್ತು. ಅವತ್ತು ಬೋರೇಗೌಡರು ಎದ್ದು ನಿಂತು, ಮಂಡಿ ಮರೆತು, ಚಿಕ್ಕಣ್ಣನನ್ನು ಮಾತಿನಲ್ಲೇ ನಮ್ಮ ಕಣ್ಣೆದುರಿಗೆ ಕೆಡವಿದರು. ಭಾರದ ಆಳು ಮೈಮೇಲೆ ಬೀಳುತ್ತಾನೆ, ಬೀಳಲಿ ಅಂತ ಬಿಡಬೇಕು. ಅವನ ಭಾರ ಮುಂದಕ್ಕೆ ಬಂದ ಗಳಿಗೆಯಲ್ಲಿ ಎಡಗಾಲು ಎತ್ತಬೇಕು, ಅವನ ಹಾಲೇ ಅವನನ್ನು ಕೆಡವುತ್ತದೆ. ನಂಜುಂಡಣ್ಣನ ಕೈ ಟವೆಲ್ಲಿಗೆ ಹೋಯಿತು.

ಪುಟ್ಟಸ್ವಾಮಣ್ಣ ಮೆಲ್ಲಗೆ ಕೇಳಿದ. "ಎಲ್ಲಾ ಸರಿ ಗೌಡ್ರೇ. ನೀವು ಯಾವತ್ತಾದ್ರೂ ಸೋತಿದ್ದುಂಟಾ?"

ಇಂಥ ಪ್ರಶ್ನೆಗೆ ನೀವಾಗಲಿ ನಾನಾಗಲಿ ಏನು ಹೇಳುತ್ತಿದ್ದೆವು? ಬೋರೇಗೌಡರ ಮುಖ ಅರಳಿತು.

"ಅಯ್ಯೋ, ಸೋಲ್ದೇ ಏನು! ಮಾಗಡೀಲಿ ಕಣಯ್ಯ. ಸೋಲೂರು ಕಡೆ ಹುಡ್ಗ. ನನ್ ತೊಡೆಯಷ್ಟು ದಪ್ಪ ಇರ್ನಿಲ್ಲ. ಕೈ ಕೊಟ್ಟು ಹಿಂದಕ್ ಬಂದಿದ್ದೇ ಸೈ, ಎಲ್ಲಿಂದ ನುಗ್ಗುದ್ನೋ ಕಾಣೆ. ನಂಗೆ ಆಕಾಶ ಕಾಣ್ತು! ಬೆನ್ನಿಗೆ ಮಣ್ಣು ತಣ್ಣಗಿತ್ತು. ಏನ್ ಪಟ್ಟು ಅಂತೀಯ!"

ತನ್ನ ಗೆಲುವನ್ನೂ ಅವರು ಅಷ್ಟು ಚೆನ್ನಾಗಿ ಹೇಳಿರಲಿಲ್ಲ.

"ಹಂಗಾದ್ರೆ ಮುಗೀತಲ್ಲ," ಎಂದ ಪುಟ್ಟಸ್ವಾಮಣ್ಣ. "ಚಿಕ್ಕಣ್ಣ ಸೋತೋನೇ ಅಲ್ಲ."

ಚಿಕ್ಕಣ್ಣನನ್ನು ಸೋಲಿಸಿದವರೂ, ಅದನ್ನು ನೋಡಿದವರೂ ಮಣ್ಣಾಗಿ ಎಷ್ಟು ಕಾಲವಾಯಿತೋ. ಸಾಕ್ಷಿ ಹೇಳಲು ಯಾರು ಬರಬೇಕು? ನಂಜುಂಡಣ್ಣ ಟವೆಲ್ಲು ಒದರಿದ.

ದಾರಿಯಲ್ಲಿ ನಾನು ಸಿಟ್ಟಾಗಿದ್ದೆ. "ಇಲ್ಲ ಅಂದಿದ್ರೆ ಆಗ್ತಿತ್ತಲ್ಲ ತಾತ? ಯಾರು ನೋಡಿದ್ರು?"

ಅವರು ಗದ್ದದ ಪೇಪರ್ ಚೂರು ಕಿತ್ತುಕೊಳ್ಳುತ್ತಾ ಹೇಳಿದರು. "ಇಲ್ಲ ಅಂದ್ಬುಟ್ರೆ ಆ ಹುಡ್ಗ ಗೆದ್ದಿದ್ದು ಎಲ್ಲೋಗ್ಬೇಕ್ಲಾ?"

ಮಳೆಗಾಲ ಮುಗಿಯುವ ಮೊದಲೇ ಬೋರೇಗೌಡರು ಹೋದರು. ಜ್ವರ ಅಂತ ಮಲಗಿದವರು ಏಳಲಿಲ್ಲ. ತಿಥಿ ಮುಗಿದ ಮೇಲಿನ ಭಾನುವಾರ ನಾನು ಸಲೂನಿಗೆ ಹೋದೆ. ನಂಜುಂಡಣ್ಣ ನೊರೆ ಹಚ್ಚಿದ. ಬೆಂಚಿನಲ್ಲಿ ಪುಟ್ಟಸ್ವಾಮಣ್ಣ ಪೇಪರ್ ಮಡಚಿದ.

"ಏನೇ ಹೇಳು ನಂಜುಂಡ. ಚಿಕ್ಕಣ್ಣ ಪಕ್ಕಣ್ಣ ಎಲ್ಲ ನಮ್ ಬೋರೇಗೌಡ್ರ ಮುಂದೆ ನಿಲ್ತಿದ್ರಾ?"

"ಎಲ್ ನಿಲ್ತಾರೆ ತಗೊಳಿ."

"ಬೆನ್ನಿಗೆ ಮಣ್ಣು ಮುಟ್ಟಿಸ್ಕಂಡೋರೇ ಅಲ್ಲ ಕಣಯ್ಯ! ಐದು ಸೇರು ಹಾಲು ಒಂದೇ ಉಸ್ರಿಗೆ!"

ನಾಲ್ಕು ವಾರದ ಹಿಂದೆ ಇದೇ ಬೆಂಚಿನಲ್ಲಿ ಸಕ್ಕರೆಯಿಲ್ಲದ ಅರ್ಧ ಲೋಟ ಟೀ ಕುಡಿದು ಹೋದ ಮನುಷ್ಯ! ನಾನು "ಊಂ! ಊಂ!" ಎಂದೆ.

"ಅಲ್ಲಾಡ್ಬೇಡ ಮಗ, ಕತ್ತಿ ಐತೆ."

"ನೋಡು, ಅವ್ನೂ ಊಂ ಅಂತಾವ್ನೆ."

ನಂಜುಂಡಣ್ಣ ಟವೆಲ್ಲು ಒದರಿದ. ಬೋರೇಗೌಡರು ಗೆದ್ದರು. ಆಮೇಲೆ ಪಟಿಕ ಬಂತು, ಉರಿಯಿತು. ಅವತ್ತಿನ ಕಲಂ ನಾನು ಖಾಲಿ ಬಿಟ್ಟೆ. ಕಿವಿಯಾರೆ ಕೇಳಬೇಕಾದವರು ಇರಲಿಲ್ಲ. ಆಮೇಲೆ ಆ ಕಲಂ ಹಾಕುವುದನ್ನೇ ನಿಲ್ಲಿಸಿದೆ.

ಮೊನ್ನೆ ರಾಮನಗರದಲ್ಲಿ ಪಟಿಕದ ಉರಿ ಇನ್ನೂ ಆರಿರಲಿಲ್ಲ. ನಾನು ಕುರ್ಚಿ ತಿರುಗಿಸಿ ಆ ಬಾಕ್ಸಿಂಗ್ ಪಂಡಿತರಿಗೆ ಹೇಳಿದೆ.

"ನಿಮ್ಮ ಆ ಇಬ್ಬರು ಬಾಕ್ಸರುಗಳನ್ನೂ ನಮ್ಮೂರ ಬೋರೇಗೌಡರು ಕೆಡವ್ತಿದ್ರು ಕಣ್ರಪ್ಪ."

"ಯಾರು ಸಾರ್ ಅವ್ರು? ಸೋತೇ ಇಲ್ವಾ?"

"ಸೋತಿದ್ರು. ಮಾಗಡೀಲಿ, ಸೋಲೂರು ಕಡೆ ಹುಡುಗನ ಕೈಲಿ."

"ಸೋತಿದ್ರಾ? ಹಂಗಾದ್ರೆ ಬುಡಿ ಸಾರ್," ಎಂದು ಇಬ್ಬರೂ ಮತ್ತೆ ಫೋನಿಗೆ ಬಗ್ಗಿದರು.

ನನಗೆ ಎಲ್ಲಿಂದ ಸಿಟ್ಟು ಬಂತೋ ಕಾಣೆ. "ದಿನಕ್ಕೆ ಏಳು ಸೇರು ಹಾಲು ಕುಡೀತಿದ್ರು ಕಣ್ರೀ!" ಎಂದೆ. ಸಲೂನಿಗೆಲ್ಲ ಕೇಳಿಸುವಷ್ಟು ಗಟ್ಟಿಯಾಗಿ.

ಕತ್ತರಿ ನಿಂತಿತು. ಇಬ್ಬರೂ ಫೋನ್ ಕೆಳಗಿಟ್ಟರು. "ಏಳು ಸೇರಾ ಸಾರ್?" ಎಂದ ಒಬ್ಬ, ಕಣ್ಣು ಅರಳಿಸಿಕೊಂಡು.

ಮನೆಗೆ ಬಂದು ಹಳೇ ಕಲಂ ಮತ್ತೆ ಹಾಕಿದೆ. ಗೆದ್ದವರು: ಬೋರೇಗೌಡರು. ಸೋಲೂರಿನ ಹುಡುಗನ ಗೆಲುವನ್ನು ನಾನು ಮುಟ್ಟಿಲ್ಲ, ಅದು ಅವನದು. ಹಾಲಿನ ಲೆಕ್ಕದಲ್ಲಿ ಮಾತ್ರ ನಾನೂ ನಂಜುಂಡಣ್ಣನ ಬೆಂಚಿನವನೇ ಆಗಿಬಿಟ್ಟಿದ್ದೇನೆ.