ಟೈಲರತ್ತೆ ಅಂಟಿಸಿದ ಮುಖ

ಟೈಲರತ್ತೆಯ ಉಗುರುಗಳ ಸಂದಿಯಲ್ಲಿ ಒಣಗಿದ ಮೈದಾ ಅಂಟು ಸದಾ ಬೆಳ್ಳಗೆ ಕೂತಿರುತ್ತಿತ್ತು. ಬಿಳಿಗೆರೆ ಕಡೆಯ ನಮ್ಮೂರ ಕೇರಿಯಲ್ಲಿ ಪಕ್ಕದ ಮನೆ ಅವಳದು. ರಕ್ತಸಂಬಂಧವಿಲ್ಲದಿದ್ದರೂ ನನಗೆ ಅತ್ತೆ. ಬ್ಲೌಸು ಹೊಲಿದು ಉಳಿದ ಚಿಂದಿ, ಹಳೆಯ ಲಗ್ನಪತ್ರಿಕೆ, ಬಸ್ ಟಿಕೆಟು, ಬೆಂಕಿಪೊಟ್ಟಣ ಎಲ್ಲವನ್ನೂ ರಟ್ಟಿನ ಮೇಲೆ ಅಂಟಿಸಿ ಕೋಳಿ, ಎತ್ತು, ಜಗಳವಾಡುವ ವಾರಗಿತ್ತಿಯರನ್ನು ಮಾಡುತ್ತಿದ್ದಳು. "ಬಣ್ಣ ಯಾಕ್ ಕೊಂಡ್ಕೋಬೇಕು? ಬೀದೀಲಿ ಬಿದ್ದಿರ್ತದಲ್ಲ" ಅನ್ನುವುದು ಅವಳ ಮಾತು.

ನಮ್ಮೂರ ಹೋಟೆಲಿನಲ್ಲಿ ಊರವರಿಗೆ ಗಾಜಿನ ಲೋಟ, ಕೇರಿಯವರಿಗೆ ಪೇಪರ್ ಲೋಟ. ಒಂಬತ್ತನೇ ಕ್ಲಾಸಿನಲ್ಲಿದ್ದಾಗ ಒಂದು ದಿನ, ಗೊತ್ತಿದ್ದೂ ಗಾಜಿನ ಲೋಟಕ್ಕೆ ಕೈ ಹಾಕಿದೆ. ಹೋಟೆಲಿನವನು ಅದನ್ನು ಕಿತ್ತುಕೊಂಡು, ಎಲ್ಲರೆದುರು ಟೀಯನ್ನು ಪೇಪರ್ ಲೋಟಕ್ಕೆ ಸುರಿದ. ಅದನ್ನು ಎಸೆದು ಅಳುತ್ತಾ ಬಂದು ಅತ್ತೆಗೆ ಹೇಳಿದೆ.

"ಲೋಟ ಎಲ್ಲವ್ವ?" ಅಂದಳು ಅತ್ತೆ.

"ಬಿಸಾಕ್ದೆ."

"ಓಗಿ ಎತ್ಕೊಂಡ್ ಬಾ."

ಅವಳು ಕೇಳಿದ್ದಕ್ಕೆ, ಮರುದಿನದಿಂದ ಕೇರಿಯವರೆಲ್ಲ ತಾವು ಕುಡಿದ ಪೇಪರ್ ಲೋಟಗಳನ್ನು ತಂದುಕೊಡತೊಡಗಿದರು. ಅವನ್ನು ಬಿಡಿಸಿ ಕತ್ತರಿಸಿ, ಟೀ ಕಲೆ ಹಿಡಿದ ಚೂರುಗಳನ್ನು ಹಳೆಯ ಸೀರೆಯ ಮೇಲೆ ಅಂಟಿಸುತ್ತಾ ಹೋದಳು. ತಿಂಗಳಾದ ಮೇಲೆ ನೋಡಿದರೆ ಬಾಗಿಲಷ್ಟು ಎತ್ತರದ ಮುಖ. ನನ್ನದೇ.

ಈ ಭೇದದ ವಿರುದ್ಧ ನಂಜನಗೂಡಿನ ತಾಲ್ಲೂಕು ಕಚೇರಿ ಮುಂದೆ ಧರಣಿ ಕೂರಲು ಕೇರಿಯವರು ಹೊರಟಾಗ, ನಾನು ಬರುವುದಿಲ್ಲವೆಂದು ಹಟ ಹಿಡಿದೆ.

"ಎಲ್ರೂ ನನ್ನೇ ನೋಡ್ತಾರೆ ಅತ್ತೆ. ನಾಚ್ಕೆ ಆಯ್ತದೆ."

"ನಾಚ್ಕೋಬೇಕಾದೋಳು ನೀನಲ್ಲ ಕಣವ್ವ" ಎಂದು ನನ್ನನ್ನು ಕೂರಿಸಿ ಜಡೆ ಹೆಣೆದಳು.

ಕಚೇರಿ ಮುಂದಿನ ಬಿಸಿಲಲ್ಲಿ ಆ ಮುಖದ ಸೀರೆಯ ಒಂದು ತುದಿಯನ್ನು ಅವಳು, ಇನ್ನೊಂದನ್ನು ನಾನು ಹಿಡಿದು ನಿಂತೆವು. ಅಧಿಕಾರಿಯೊಬ್ಬರು ಹೊರಬಂದು, "ಯಾರಮ್ಮ ಇದು?" ಎಂದು ಅತ್ತೆಯನ್ನು ಕೇಳಿದರು.

"ನಮ್ಮುಡ್ಗಿ ಸಾ. ಟೀ ಕುಡಿಯಕ್ ಓಗಿದ್ಲು."

ಅವರು ಚಿತ್ರ ನೋಡಿದರು, ನನ್ನನ್ನು ನೋಡಿದರು. ನಾನು ತಲೆ ತಗ್ಗಿಸಲಿಲ್ಲ. ಆ ವಾರವೇ ಅವರು ಊರಿಗೆ ಬಂದರು; ಅವರೆದುರೇ ಹೋಟೆಲಿನವನು ಎಲ್ಲರಿಗೂ ಗಾಜಿನ ಲೋಟದಲ್ಲಿ ಟೀ ಕೊಟ್ಟ. ಊರವರು ಕೆಲವರು ಅಲ್ಲಿಗೆ ಹೋಗುವುದನ್ನೇ ಬಿಟ್ಟರು. ಅತ್ತೆ ಮಾತ್ರ ದಿನಾ ಹೋಗಿ ನಿಧಾನವಾಗಿ ಕುಡಿದು ಬರುತ್ತಿದ್ದಳು. "ಟೀ ಚೆಂದಾಗಿಲ್ಲ. ಆದ್ರೂ ಓಯ್ತೀನಿ" ಎಂದು ನಗುತ್ತಿದ್ದಳು.

ಆ ಚಿತ್ರವನ್ನು ಇಲಿ, ಜಿರಲೆಗಳು ತಿಂದುಹಾಕಿದವು. ಹೋದ ವರ್ಷ ಅತ್ತೆಯೂ ತೀರಿಕೊಂಡಳು.

ನಾನೀಗ ತಿ. ನರಸೀಪುರದ ಶಾಲೆಯೊಂದರಲ್ಲಿ ಡ್ರಾಯಿಂಗ್ ಟೀಚರ್. ಕೆಲಸಕ್ಕೆ ಸೇರಿದ ದಿನ ಜೊತೆಯ ಟೀಚರೊಬ್ಬರು ಮೆಲ್ಲಗೆ ಕೇಳಿದರು: "ಬಿಳಿಗೆರೆ ಕಡೆ ಅಂದ್ರೆ, ಊರೊಳಗೋ, ಕೇರೀನೋ?"

"ಕೇರಿ" ಎಂದೆ. ಅವರ ಮುಖ ನೋಡಿಕೊಂಡೇ ಹೇಳಿದೆ. ಅಷ್ಟನ್ನು ನನಗೆ ಅತ್ತೆ ಕೊಟ್ಟು ಹೋಗಿದ್ದಳು.