ಗೊದ್ದದ ಮನೆಗೆ ವಿಭೂತಿ

ಇರುವೆ ಓಡಿಸಲು ಹೊನ್ನೂರಿನ ಜನ ಮಾಡದ ಉಪಾಯವಿಲ್ಲ. ಬೆಲ್ಲದ ಡಬ್ಬವನ್ನು ನೀರಿನ ತಟ್ಟೆಯೊಳಗೆ ಇಡುತ್ತಾರೆ, ಗೋಡೆ ಬುಡಕ್ಕೆ ಅರಿಶಿನ ಉದುರಿಸುತ್ತಾರೆ, ಅಂಗಡಿಯಿಂದ ವಿಷದ ಸೀಮೆಸುಣ್ಣ ತಂದು ಗೆರೆ ಎಳೆಯುತ್ತಾರೆ. ಅಂಥ ಊರಿನಲ್ಲಿ ಶಿವರಂಜನಿ ಎಂಬ ನಲವತ್ತು ದಾಟಿದ, ತಿಂಗಳ ಸಂಬಳ ತರುವ, ಮಿಕ್ಕೆಲ್ಲ ವಿಷಯದಲ್ಲೂ ಬುದ್ಧಿ ನೆಟ್ಟಗಿದ್ದ ಹೆಂಗಸು ಮನೆಯೊಳಗೆ ಕರಿ ಗೊದ್ದಗಳನ್ನು ಬೆಲ್ಲದ ನೀರು ಕೊಟ್ಟು ಸಾಕುತ್ತಿದ್ದಳು. ಬೆರಳಿನ ಗೆಣ್ಣಿನಷ್ಟುದ್ದದ, ಕಚ್ಚಿದರೆ ಬಿಡದ ದೊಡ್ಡ ಇರುವೆಗಳು. ಊರವರ ಪ್ರಕಾರ ಇದಕ್ಕೆ ಔಷಧಿ ಇರಲಿಲ್ಲ.

ಅವಳು ಯಳಂದೂರಿನ ಕಾಲೇಜೊಂದರಲ್ಲಿ ಲ್ಯಾಬ್ ಅಟೆಂಡರ್. ಹದಿನೆಂಟು ವರ್ಷದಿಂದ ಗಾಜಿನ ನಳಿಕೆ ತೊಳೆದು, ಒಡೆದದ್ದನ್ನು ಗುಡಿಸಿ, ವಿಜ್ಞಾನ ಎಂದರೆ ಬೇರೆಯವರು ಮಾಡುವುದು, ತಾನು ಒರೆಸುವುದು ಎಂದು ತಿಳಿದಿದ್ದಳು. ಮಗಳು ದೀಪ ವಸತಿ ಶಾಲೆಗೆ ಸೇರಿದ ಮೇಲೆ ಸಂಜೆ ಹೊತ್ತು ಹೋಗದಾಯಿತು. ಧಾರಾವಾಹಿಯಲ್ಲಿ ಅತ್ತೆ ಸೊಸೆ ಜಗಳ ನೋಡುವ ಅಗತ್ಯ ಅವಳಿಗಿರಲಿಲ್ಲ, ಅದು ಮನೆಯಲ್ಲೇ ಇತ್ತು. ಅವಳ ತವರು ಹನೂರು, ಆ ಕಡೆಯವರಿಗೆ ತಮಿಳು ತಾನಾಗಿ ಬರುತ್ತದೆ. ಹಾಗಾಗಿ ಫೋನಿನಲ್ಲಿ ಯಾರೋ ತಮಿಳು ಹುಡುಗ ಇರುವೆ ಸಾಕುವುದನ್ನು ತೋರಿಸುತ್ತಿದ್ದದ್ದು ಕಣ್ಣಿಗೆ ಬಿತ್ತು. ಬಿದ್ದದ್ದು ಅಲ್ಲೇ ಅಂಟಿಕೊಂಡಿತು.

ಮೂರು ವರ್ಷದ ಹಿಂದೆ, ಮುಂಗಾರಿನ ಮೊದಲ ಮಳೆ ಬಿದ್ದ ಸಂಜೆ, ಆಟೋದಲ್ಲಿ ಬರುವಾಗ ಅವಳ ಸೆರಗಿನ ಮೇಲೆ ರೆಕ್ಕೆಯ ದೊಡ್ಡ ಗೊದ್ದವೊಂದು ಬಂದು ಕೂತಿತು. ಪಕ್ಕದಲ್ಲಿದ್ದವಳು ಚಪ್ಪಲಿ ಕಳಚಿದಳು. ಶಿವರಂಜನಿ ಅದನ್ನು ಊಟದ ಡಬ್ಬಿಗೆ ಹಾಕಿಕೊಂಡು ಮುಚ್ಚಳ ಬಿಗಿದಳು. ಅದು ರಾಣಿ ಎಂದು ಅವಳಿಗೆ ನೋಡಿದೊಡನೆ ಗೊತ್ತಾಗಿತ್ತು. ಮನೆಗೆ ಬಂದು, ಗಾಜಿನ ನಳಿಕೆಯಲ್ಲಿ ಒಂದಿಷ್ಟು ನೀರು, ಅದಕ್ಕೆ ಹತ್ತಿಯ ತಡೆ, ತಡೆಯ ಈಚೆ ಬದಿಗೆ ರಾಣಿ, ಬಾಯಿಗೆ ಮತ್ತೆ ಹತ್ತಿ. ಒಂದೂವರೆ ತಿಂಗಳು ಬೀರುವಿನ ಕತ್ತಲಲ್ಲಿ, ಮದುವೆಯ ರೇಷ್ಮೆ ಸೀರೆಗಳ ನಡುವೆ ಆ ರಾಣಿ ರೆಕ್ಕೆ ಉದುರಿಸಿ, ಏನೂ ತಿನ್ನದೆ ಮೊಟ್ಟೆ ಇಟ್ಟು ಆರು ಮಕ್ಕಳನ್ನು ಸಾಕಿತು. ಅವು ಓಡಾಡಿದ ದಿನ ಶಿವರಂಜನಿ ಕೆಲಸಕ್ಕೆ ರಜೆ ಹಾಕಿದಳು. ಕಾರಣ ಎಂಬಲ್ಲಿ ಮನೆಯಲ್ಲಿ ಹೆರಿಗೆ ಎಂದು ಬರೆದಳು.

ಮೂರನೆಯ ವರ್ಷಕ್ಕೆ ಆರು ನಾನೂರಾದವು. ಹಳೆಯ ಮೀನಿನ ತೊಟ್ಟಿ ಅವುಗಳ ಊರಾಯಿತು. ಅದರ ತಳದಲ್ಲಿ ಪ್ಲಾಸ್ಟರ್ ಕೊರೆದು ಮಾಡಿದ ಕೋಣೆಗಳು, ಕೋಣೆಗಳ ಮೇಲೆ ಗಾಜು, ಗಾಜಿನ ಮೇಲೆ ತೆಳು ಕೆಂಪು ಕಾಗದ, ನೋಡುವವರಿಗೆ ಒಳಗೆಲ್ಲ ಕಾಣುತ್ತದೆ, ಗೊದ್ದಗಳ ಕಣ್ಣಿಗೆ ಮಾತ್ರ ಅದು ಕತ್ತಲು. ಗೊದ್ದಗಳು ಹತ್ತಿ ಹೊರಬರದಂತೆ ತೊಟ್ಟಿಯ ಅಂಚಿಗೆ ಮುಖಕ್ಕೆ ಹಚ್ಚುವ ಪೌಡರನ್ನು ಕೊರೊನಾ ಕಾಲದ ಸ್ಯಾನಿಟೈಸರಿನಲ್ಲಿ ಕಲಸಿ ಬಳಿಯುತ್ತಿದ್ದಳು. ಕಾಲು ಜಾರಿ ಕೆಳಗೆ ಬೀಳುತ್ತಿದ್ದವು. ಒಮ್ಮೆ ಮಾತ್ರ ಬಳಿಯುವುದು ಮರೆತಳು, ಅದೇ ದಿನ ಗಂಡನ ಚಿಕ್ಕಪ್ಪ ಪುಟ್ಟಮಲ್ಲಪ್ಪ ಕಾಫಿಗೆ ಬಂದರು. ಊರಿನ ಪಂಚಾಯ್ತಿಯಲ್ಲಿ ಯಾರ ಮಾತಿಗೂ ಎದ್ದು ನಿಲ್ಲದ ದೊಡ್ಡ ಮನುಷ್ಯ, ಪಂಚೆಯೊಳಗೆ ಹೋದ ಎರಡು ಗೊದ್ದಗಳಿಗೆ ಎದ್ದು ನಿಂತರು, ಕುಣಿದರು, ಕಾಫಿ ಬಿಟ್ಟು ಹೊರಟೇಹೋದರು.

ಅತ್ತೆ ಚನ್ನಮಲ್ಲಮ್ಮನಿಗೆ ಅಂದು ತಲೆ ಎತ್ತಲು ಆಗಲಿಲ್ಲ.

"ಜನ ಇರುವೆ ಸಾಯ್ಲಿ ಅಂತ ಪುಡಿ ತತ್ತಾರೆ. ನಮ್ಮನೆ ಸೊಸೆ ಬೆಲ್ಲ ಕಲ್ಸಿ ಕುಡುಸ್ತಾಳೆ. ನಂಗೆ ಒಂದು ಲೋಟ ಕಾಪಿ ಕೇಳುದ್ರೆ ಆಲು ಇಲ್ಲ ಅಂತಾಳೆ" ಎಂದು ಬೀದಿಗೆಲ್ಲ ಕೇಳುವಂತೆ ಹೇಳಿಕೊಂಡರು. ಮಗ ಶಾಂತಮೂರ್ತಿ ಇಂಥ ಹೊತ್ತಿನಲ್ಲಿ ಕಬ್ಬಿನ ಗದ್ದೆಗೆ ನೀರು ಬಿಡಲು ಹೋಗುವ ಮನುಷ್ಯ. ಅಂದು ಕರೆಂಟು ಇರಲಿಲ್ಲ, ಆದರೂ ನೀರು ಬಿಡಲು ಹೋದ.

ಆದರೆ ಮಧ್ಯಾಹ್ನಗಳಲ್ಲಿ ಮನೆಯಲ್ಲಿ ಇರುವುದು ಮುದುಕಿ ಮತ್ತು ತೊಟ್ಟಿ, ಇಬ್ಬರೇ. ಒಂದು ದಿನ ಶಿವರಂಜನಿ ಬೇಗ ಬಂದಾಗ ಚನ್ನಮಲ್ಲಮ್ಮ ತೊಟ್ಟಿಯ ಮುಂದೆ ಮಣೆ ಹಾಕಿಕೊಂಡು ಕೂತಿದ್ದರು. ಎದ್ದೇಳಲಿಲ್ಲ, ಸಿಕ್ಕಿಬಿದ್ದ ಮುಖವನ್ನೂ ಮಾಡಲಿಲ್ಲ.

"ಆ ದೊಡ್ಡವ್ಳು ಕುಂತ್ ಜಾಗ ಬುಟ್ಟು ಕದಲಕಿಲ್ಲ. ಎಲ್ಲಾರೂ ಬಂದು ಬಾಯ್ಗೇ ಕೊಟ್ಟೋಯ್ತರೆ. ಅತ್ತೆ ಅಂದ್ರೆ ಇಂಗಿರಬೇಕು ನೋಡು."

"ಅವ್ರೆಲ್ಲ ಹೆಣ್ಮಕ್ಕಳು ಅತ್ತೆ. ಆ ಮನೇಲಿ ಸೊಸೆ ಅನ್ನೋಳೇ ಇಲ್ಲ."

"ಅದ್ಕೇಯ ಅಷ್ಟು ನೆಮ್ಮದಿ" ಎಂದರು ಚನ್ನಮಲ್ಲಮ್ಮ.

ಅಲ್ಲಿಂದ ಮುಂದೆ ಸಂಜೆಯ ವರದಿ ಶುರುವಾಯಿತು. ಇಂದು ಎಷ್ಟು ಸತ್ತವು, ಸತ್ತವನ್ನು ಯಾವ ಮೂಲೆಗೆ ಹೊತ್ತು ಹಾಕಿದವು, ದಪ್ಪ ತಲೆಯ ಯಾವುದು ಕೆಲಸಗಳ್ಳ. ಹದಿನಾರು ವರ್ಷದಲ್ಲಿ ಉಪ್ಪು ಹೆಚ್ಚು, ಖಾರ ಕಮ್ಮಿ ಬಿಟ್ಟು ಬೇರೆ ಮಾತಾಡದ ಇಬ್ಬರು ಹೆಂಗಸರು ಈಗ ಗೊದ್ದದ ಸಂಸಾರದ ಚಾಡಿ ಹೇಳಿಕೊಂಡು ರೊಟ್ಟಿ ತಟ್ಟಿದರು. ಶಿವರಂಜನಿಗೆ ಅದು ಹಿಡಿಸಿತು. ಅತ್ತೆಯ ಮೇಲೆ ಪ್ರೀತಿ ಎನ್ನುವ ಮಟ್ಟಿಗೆ ಹೋಗಿರಲಿಲ್ಲ, ಆದರೆ ಆಟೋ ಇಳಿದು ಮನೆಗೆ ನಡೆಯುವ ಕಾಲು ಮೊದಲಿಗಿಂತ ಬೇಗ ಬೀಳುತ್ತಿತ್ತು.

ಆಮೇಲೆ ಶ್ರಾವಣ ಸೋಮವಾರ ಬಂತು.

ಚನ್ನಮಲ್ಲಮ್ಮ ಹಣೆಗೆ, ತೋಳಿಗೆ ವಿಭೂತಿ ಇಲ್ಲದೆ ಬಾಯಿಗೆ ನೀರು ಬಿಟ್ಟವರಲ್ಲ, ಸೊಸೆಗೂ ಬಿಡಲು ಕೊಟ್ಟವರಲ್ಲ. ಶ್ರಾವಣ ಸೋಮವಾರ ಅವರ ಕೈಯಿಂದ ತಪ್ಪಿಸಿಕೊಂಡ ವಸ್ತು ಮನೆಯಲ್ಲಿ ಇರುತ್ತಿರಲಿಲ್ಲ. ಹಸುವಿಗೆ ಮೂರು ಗೆರೆ, ಹೊಸಲಿಗೆ ಮೂರು, ಮಿಕ್ಸಿಗೆ ಮೂರು, ನಿದ್ದೆಯಲ್ಲಿದ್ದ ಮಗನಿಗೆ ಮೂರು. ಅಂದು ತೊಟ್ಟಿಯಲ್ಲಿ ರೇಷ್ಮೆಗೂಡಿನಂಥ ಪುಟ್ಟ ಗೂಡುಗಳನ್ನು ಒಡೆದು ಎಳೆಯ ಗೊದ್ದಗಳು ಹೊರಬಂದಿದ್ದವು, ಬಿಳಿಚಿಕೊಂಡು ನಡೆಯಲು ತಡವರಿಸುತ್ತಿದ್ದವು. ಮನೆಯಲ್ಲಿ ಹುಟ್ಟಿದ ಕೂಸು ವಿಭೂತಿ ಕಾಣದೆ ಇರುವುದು ಎಂದರೇನು. ಒಂದೊಂದರ ಹಣೆ ಹಿಡಿದು ಮೂರು ಗೆರೆ ಎಳೆಯುವುದು ಶಿವನಿಂದಲೂ ಆಗದ ಕೆಲಸ. ಅದಕ್ಕೆ ಅವರು ಕೆಂಪು ಕಾಗದ ತೆಗೆದು, ಗಾಜು ಸರಿಸಿ, ಒಂದು ಇಡೀ ವಿಭೂತಿ ಗಟ್ಟಿಯನ್ನು ಅಂಗೈಯಲ್ಲಿ ಹುಡಿ ಮಾಡಿ, ಶಿವನಾಮ ಹೇಳುತ್ತಾ ಧಾರಾಳವಾಗಿ ಉದುರಿಸಿದರು. ನಾಲ್ಕು ಕಡೆ ಕಚ್ಚಿಸಿಕೊಂಡರು. ವಿಭೂತಿ ಹಚ್ಚುವಾಗ ಯಾವ ಕೂಸು ತಾನೇ ಸುಮ್ಮನಿರುತ್ತದೆ ಎಂದುಕೊಂಡರು.

ಸಂಜೆ ಶಿವರಂಜನಿ ಬಂದಾಗ ಗೊದ್ದಗಳ ಊರೆಲ್ಲ ಬೆಳ್ಳಗಾಗಿತ್ತು. ಬದುಕಿದ್ದ ಗೊದ್ದಗಳು ಮೀಸೆ ಒರೆಸಿಕೊಳ್ಳುತ್ತಿದ್ದವು, ಒರೆಸುತ್ತಾ ಒರೆಸುತ್ತಾ ಮಗುಚಿ ಬೀಳುತ್ತಿದ್ದವು. ಮಿಕ್ಕವು ಮೂಲೆಗಳಲ್ಲಿ ರಾಶಿಯಾಗಿದ್ದವು. ಅವಳು ಚೀಲ ಇಳಿಸಲಿಲ್ಲ. ಚಿತ್ರ ಬಿಡಿಸುವ ಕುಂಚವನ್ನು ನೀರಿನಲ್ಲಿ ಅದ್ದಿ ರಾಣಿಯನ್ನು ಮೇಲೆತ್ತಿದಳು, ಕಾಲು ಕಾಲಿನ ಸಂದಿಯ ಬೂದಿ ತೆಗೆದಳು, ಒದ್ದೆ ಹತ್ತಿಯ ಹೊಸ ನಳಿಕೆಗೆ ಬಿಟ್ಟಳು. ಜೊತೆಗೆ ಸಿಕ್ಕಿದ್ದು ಹದಿಮೂರು ಗೊದ್ದ. ರಾಣಿಯ ಒಂದು ಕಾಲು ಆಡುತ್ತಿರಲಿಲ್ಲ.

"ಬದ್ನೆ ಗಿಡದ ಉಳ ಸಾಯ್ಲಿ ಅಂತ ನೀವೇ ಬೂದಿ ಎರ್ಚ್ತೀರಲ್ಲ ಅತ್ತೆ" ಎಂದಳು.

"ಅದು ಒಲೆ ಬೂದಿ ಕಣವ್ವ. ಇದು ಇಬೂತಿ." ಚನ್ನಮಲ್ಲಮ್ಮ ತಮ್ಮ ಬಿಳಿಯ ಅಂಗೈಯನ್ನೇ ನೋಡಿಕೊಂಡರು. "ನೀನೂ ಪೌಡ್ರು ಆಕ್ತಿದ್ದಲ್ಲ."

"ನಾನು ಅಂಚಿಗೆ ಬಳಿತಿದ್ದೆ. ಇನ್ಮೇಲೆ ಇಬೂತಿ ಇಟ್ಕಂಡು ಈ ರೂಮಿಗೆ ಬರ್ಬೇಡಿ."

ಜಗಲಿಯಲ್ಲಿ ಶಾಂತಮೂರ್ತಿಯ ಕೈಯಿಂದ ಫೋನು ಜಾರಿತು. ಆ ಮನೆಯಲ್ಲಿ ಮೂರು ತಲೆಮಾರಿನಿಂದ ಯಾರೂ ಯಾರಿಗೂ ಆಡದ ಮಾತು ಅದು. ಅತ್ತೆ ತಿರುಗಿ ಒಂದು ಮಾತನ್ನಾದರೂ ಆಡಿದ್ದರೆ ಶಿವರಂಜನಿಗೆ ಸಮಾಧಾನವಾಗುತ್ತಿತ್ತು. ಅವರು ಒಳಗೆ ಹೋಗಿ ದೇವರ ಮುಂದೆ ಕೂತರು.

ರಾಣಿ ಬದುಕಿದ್ದರೂ ಮೊಟ್ಟೆ ಇಡದಿದ್ದರೆ ಎಲ್ಲ ಮುಗಿದಂತೆ. ಹದಿಮೂರು ಗೊದ್ದಗಳು ಆಯುಸ್ಸು ತೀರಿ ಸಾಯುತ್ತವೆ, ಕೊನೆಗೆ ಅದೊಂದೇ ಉಳಿಯುತ್ತದೆ. ಕತ್ತಲು ಬೇಕು, ಅಲುಗಾಡಬಾರದು, ಇಣುಕಬಾರದು. ಶಿವರಂಜನಿ ನಳಿಕೆಗೆ ಬಟ್ಟೆ ಸುತ್ತಿ ಇಟ್ಟು, ವಾರಕ್ಕೊಂದು ಸಲ ಮಾತ್ರ ಬಟ್ಟೆ ಸರಿಸಿ ನೋಡಿದಳು. ಮೊದಲ ವಾರ ಏನಿಲ್ಲ. ಎರಡನೆಯ ವಾರ ಏನಿಲ್ಲ, ಗೊದ್ದ ಹತ್ತಕ್ಕೆ ಇಳಿದಿತ್ತು. ಅತ್ತೆ ಸೊಸೆ ಮತ್ತೆ ಉಪ್ಪು ಖಾರಕ್ಕೆ ಇಳಿದರು. ಆಮೇಲೆ ಅದೂ ನಿಂತಿತು. ಅವಳಿಗೆ ಸಿಟ್ಟು ಆರಿರಲಿಲ್ಲ. ಆರಿದ್ದರೂ ಮೊದಲು ಮಾತಾಡುವವಳು ತಾನಾಗಲು ಮನಸ್ಸಿರಲಿಲ್ಲ.

ಮೂರನೆಯ ಶನಿವಾರ ಕಾಲೇಜು ಅರ್ಧ ದಿನಕ್ಕೆ ಬಿಟ್ಟಿತು. ಮಧ್ಯಾಹ್ನ ಹಿತ್ತಲಿನಿಂದ ಮನೆಗೆ ಬಂದವಳು ಬಟ್ಟೆ ಒಗೆಯುವ ಕಲ್ಲಿನ ಹತ್ತಿರ ನಿಂತುಬಿಟ್ಟಳು. ಚನ್ನಮಲ್ಲಮ್ಮ ಸೋಪು ಹಾಕಿ ಹಣೆ ಉಜ್ಜಿಕೊಳ್ಳುತ್ತಿದ್ದರು. ತೋಳು ಉಜ್ಜಿದರು, ಕೊರಳು ಉಜ್ಜಿದರು, ಸೆರಗಿನಿಂದ ಒರೆಸಿ, ಬೆರಳಲ್ಲಿ ಹಣೆ ತಡವಿ ನೋಡಿಕೊಂಡರು. ಆಮೇಲೆ ಒಳಗೆ ಹೋಗಿ ನಳಿಕೆಯ ಮುಂದೆ ಮಣೆ ಹಾಕಿಕೊಂಡು ಕೂತರು. ಶಿವರಂಜನಿ ಬಾಗಿಲಿಗೆ ಬಂದಳು. ಅತ್ತೆಯ ಬರಿ ಹಣೆಯನ್ನು ಅವಳು ಇಷ್ಟು ವರ್ಷದಲ್ಲಿ ನೋಡಿರಲಿಲ್ಲ. ಅದು ಚಿಕ್ಕದಾಗಿತ್ತು, ಉಜ್ಜಿ ಉಜ್ಜಿ ಕೆಂಪಾಗಿತ್ತು. ಅವಳಿಗೆ ತನ್ನ ಬಗ್ಗೆ ನಾಚಿಕೆಯಾಯಿತು.

"ಅತ್ತೆ, ಏನಿದು. ಕೈ ತೊಳ್ಕಂಡಿದ್ರೆ ಸಾಕಾಗಿತ್ತು. ಸಿಟ್ನಲ್ಲಿ ಅಂದ್ಬುಟ್ಟೆ ನಾನು."

"ಸಿಟ್ಟಲ್ಲೋ ಏನೋ, ನೀ ಅಂದದ್ದು ಸರಿಯಾಗೇ ಅದೆ. ಬಗ್ಗಿ ನೋಡುದ್ರೆ ಅಣೆಯಿಂದ ಉದುರ್ತದೆ ಕಣವ್ವ." ಚನ್ನಮಲ್ಲಮ್ಮ ಕಣ್ಣು ತೆಗೆಯಲಿಲ್ಲ. "ದಿನಾ ಮಧ್ಯಾನ ತೊಳ್ಕತೀನಿ, ಎದ್ದೋದ್ಮೇಲೆ ಇಟ್ಕತೀನಿ. ಶಿವ ಏನೂ ಅನ್ಕಳಕಿಲ್ಲ. ಇಬೂತಿ ಇಲ್ದಿದ್ರೂ ಅವ್ನಿಗೆ ನನ್ನ ಗುರ್ತದೆ. ಬಾಯಿಲ್ದ ಈ ಮೂಗಿಗೆ ಏನು ಗೊತ್ತಾದ್ದು."

"ದಿನಾ ಬಟ್ಟೆ ಸರ್ಸಿ ನೋಡ್ತಿದ್ರಾ?"

"ಇಲ್ಲ. ಸುಮ್ಕೆ ಕುಂತಿರ್ತಿದ್ದೆ. ಇವತ್ತು ತಡಿನಾರದೆ ಒಸಿ ಸರ್ಸುದೆ." ಮುದುಕಿ ಬೆರಳು ತೋರಿಸಲು ಹೋಗಿ, ಬೆರಳನ್ನು ಹಿಂದಕ್ಕೆ ತೆಗೆದುಕೊಂಡರು. "ಆ ಅತ್ತಿ ತಾವ, ಗಸಗಸೆ ಕಾಳಂಗೆ. ಎಣುಸ್ಲಿಲ್ಲ, ಉಸ್ರು ತಾಕ್ತದೆ ಅಂತ."

ಶಿವರಂಜನಿ ಬಗ್ಗಿದಳು. ಕುಂಟು ಕಾಲಿನ ರಾಣಿಯ ಕೆಳಗೆ ಐದೋ ಆರೋ ಮೊಟ್ಟೆ ಇದ್ದವು. ಅವಳ ಕಣ್ಣು ಮಂಜಾಗಿ ಸರಿಯಾಗಿ ಕಾಣಲಿಲ್ಲ. ಅತ್ತೆ ಅವಳ ತೋಳು ಹಿಡಿದು ಹಿಂದಕ್ಕೆಳೆದರು.

"ನಿನ್ ಅಣೇಲೂ ಅದೆ" ಎಂದರು. "ಓಗಿ ತೊಳ್ಕಂಡು ಬಾ."